ನಗುತ್ತಾ ಓದುವ ಮಕ್ಕಳು

ಅಕ್ಷರಗಳನ್ನು ಕಲಿತ ಮಗುವು ಪುಸ್ತಕವನ್ನು ಕಂಡೊಡನೆ ಮುಖ ತಿರುಗಿಸುವದೇಕೆ? ಇದು ಸೋಮಾರಿತನವೆಂದೆಣಿಸಿ ನಾವು ಗದರಿಸುವದುಂಟು. ಆದರೆ ಪ್ರಿಯ ತಂದೆತಾಯಿಗಳೇ, ತಪ್ಪು ಮಗುವಿನದೋ ಪುಸ್ತಕದ್ದೋ ಎಂದು ನಾವು ಮೊದಲು ವಿಚಾರಿಸತಕ್ಕದ್ದು.

1954ರಲ್ಲಿ ಅಮೇರಿಕಾ ದೇಶದ ಜಾನ್ ಹರ್ಸಿ ಎಂಬ ಗ್ರಂಥಕರ್ತನು ಇದನ್ನೇ ವಿಚಾರಿಸಿದನು. ಅಲ್ಲಿಯ ಬಾಲಪಾಠಗಳಲ್ಲಿ ಬರುವ ಹುಡುಗ ಹುಡುಗಿಯರು ಅತಿ ಸಭ್ಯರು, ಅತಿ ಶುಭ್ರರು. ಅಂಥವರ ನೀರಸವಾದ ಕಥೆಗಳನ್ನು ಯಾವ ಮಗು ಪ್ರೀತಿಯಿಂದ ಓದೀತು ಎಂಬದು ಆತನ ಆಕ್ಷೇಪವಾಗಿತ್ತು. ತರುವಾಯ ಒಬ್ಬ ಪ್ರಕಾಶಕನು, ಡಾಕ್ಟರ್ ಸೂಸ್ ಎಂಬ ಹೆಸರಿನಿಂದ ಬರೆಯುತ್ತಿದ್ದ ಥಿಯೋಡರ್ ಗೈಸೆಲನಿಗೆ ಸುಲಭ ಶಬ್ದಗಳ ಪಟ್ಟಿಯೊಂದನ್ನು ಕೊಟ್ಟು, ಮಕ್ಕಳು ಕೆಳಗಿಡಲಾರದ ಪುಸ್ತಕವನ್ನು ಬರೆಯಬೇಕೆಂದು ಕೇಳಿಕೊಂಡನು. 1957ರಲ್ಲಿ ಅದು ಪ್ರಕಟವಾಯಿತು. ಮಳೆಯ ದಿನ, ತಾಯಿ ಮನೆಯಲ್ಲಿಲ್ಲ. ಟೊಪ್ಪಿಗೆಯಿಟ್ಟ ಬೆಕ್ಕೊಂದು ಒಳಗೆ ಬಂದು ಮನೆಯನ್ನೆಲ್ಲಾ ಬುಡಮೇಲು ಮಾಡುತ್ತದೆ. ಪಾತ್ರೆಯೊಳಗಿನ ಮೀನು ಬುದ್ಧಿ ಹೇಳುತ್ತದೆ! ಇಡೀ ಪುಸ್ತಕದಲ್ಲಿ ಬೇರೆಬೇರೆ ಶಬ್ದಗಳು 236 ಮಾತ್ರ. 50 ಶಬ್ದಗಳಿಂದ ಪುಸ್ತಕ ಬರೆಯಲು ನಿನ್ನಿಂದಾಗದೆಂದು ಇನ್ನೊಬ್ಬ ಪ್ರಕಾಶಕನು ಪಂಥ ಕಟ್ಟಿದಾಗ, ಹಸಿರು ಮೊಟ್ಟೆಯನ್ನು ಒಲ್ಲೆನೆಂದು ಹಟ ಹಿಡಿದವನ ಕಥೆಯನ್ನು ಅಷ್ಟರಲ್ಲಿಯೇ ಬರೆದು 1960ರಲ್ಲಿ ಆ ಪಂಥವನ್ನು ಗೆದ್ದನು.

ಇದರಿಂದ ನಾವು ಕಲಿಯತಕ್ಕದ್ದೇನು? ಶಬ್ದವು ಪದೇಪದೇ ಬಂದರೆ ಮಾತ್ರ ಕಣ್ಣಿಗೆ ಅಭ್ಯಾಸವಾಗುವದು. ಆದರೆ ಪದೇಪದೇ ಬಂದದ್ದು ಬೇಸರ ತರುವದು. ಆ ಬೇಸರವನ್ನು ನಗೆಯು ಕಳೆಯುತ್ತದೆ. ಇದಲ್ಲದೆ ಜಾಣ ಹಾಸ್ಯದ ಸಾರವು ಕಡೆಯ ಸಾಲಿನಲ್ಲಿರುವದರಿಂದ, ಮಗುವು ಅಲ್ಲಿಯ ವರೆಗೆ ಓದಲೇಬೇಕು.

ನಮ್ಮಲ್ಲಿಯೂ ತೆನಾಲಿ ರಾಮಕೃಷ್ಣನ ಕಥೆಗಳುಂಟು. ಹಿತ್ತಲಲ್ಲಿ ಕಳ್ಳರು ಅಡಗಿರುವದನ್ನು ಅರಿತ ಆತನು, ಒಡವೆಗಳ ಪೆಟ್ಟಿಗೆಯನ್ನು ಬಾವಿಗೆ ಹಾಕಿದ್ದೇನೆಂದು ಹೆಂಡತಿಗೆ ಗಟ್ಟಿಯಾಗಿ ಹೇಳಿದನು. ಕಳ್ಳರು ರಾತ್ರಿಯೆಲ್ಲಾ ನೀರು ಸೇದಿದರು. ಇಲ್ಲಿಗೆ ನಿಲ್ಲಿಸಿ, "ಬೆಳಗಾದಾಗ ಏನಾಯಿತು? ನೀನೇ ಓದಿ ಹೇಳಪ್ಪಾ" ಎಂದು ಪುಸ್ತಕವನ್ನು ಮಗುವಿನ ಕೈಗೆ ಕೊಡಿರಿ. ಅಕ್ಷರವರಿಯದ ತಾಯಿಯೂ ಇದನ್ನು ಮಾಡಬಲ್ಲಳು. ಅಮ್ಮನಿಗೆ ಓದಿ ಹೇಳುವವನು ತಾನೇ ಎಂಬ ಹಿಗ್ಗಿನಿಂದ ಮಗುವಿನ ಆಸೆಯು ಇಮ್ಮಡಿಯಾಗುವದು.

ಒಂದು ಎಚ್ಚರಿಕೆಯುಂಟು. ಮಗುವು ಓದುತ್ತಾ ತಡವರಿಸಿದರೆ ನಗಬಾರದು. ಕಥೆಯಲ್ಲಿಯ ಕಳ್ಳರನ್ನು ನೋಡಿ ನಗೋಣ, ಓದುವ ಮಗುವನ್ನು ನೋಡಿ ಅಲ್ಲ. ಮೊದಲನೆಯ ನಗೆಯು ಪುಸ್ತಕವನ್ನು ತೆರೆಯುವದು; ಎರಡನೆಯದು ಮುಚ್ಚುವದು. ಹಾಗೆ ಮುಚ್ಚಿದ್ದನ್ನು ಬೆತ್ತದಿಂದ ತೆರೆಯಲಾಗದು.