ಸೊಪ್ಪು ತರಕಾರಿಗಳ ಅಡಿಗೆ: ರುಚಿಯೂ ಉಂಟು, ಆರೋಗ್ಯವೂ ಉಂಟು

ಮೇಲುಕೋಟೆಯ ಹೆಸರನ್ನು ಕೇಳಿದೊಡನೆ ಚೆಲುವನಾರಾಯಣಸ್ವಾಮಿಯ ವೈರಮುಡಿ ಉತ್ಸವವೂ, ಪುಳಿಯೋಗರೆ ಮತ್ತು ಸಕ್ಕರೆ ಪೊಂಗಲಿನ ರುಚಿಯೂ ನೆನಪಿಗೆ ಬರುತ್ತವೆ. ಆದರೆ ಹಬ್ಬದ ಊಟ ವರ್ಷದಲ್ಲಿ ಕೆಲವೇ ದಿನ. ಉಳಿದ ದಿನಗಳಲ್ಲಿ ಬೆಟ್ಟದ ಸುತ್ತಣ ಹಳ್ಳಿಗಳ ಒಕ್ಕಲು ಮನೆಗಳಲ್ಲಿ ರಾಗಿಮುದ್ದೆ ಮತ್ತು ಸಾರೇ ಮುಖ್ಯ ಆಹಾರ. ಕುಟುಂಬದ ಆರೋಗ್ಯವು ಬಹುಮಟ್ಟಿಗೆ ಈ ದಿನನಿತ್ಯದ ಸಾರಿನ ಪಾತ್ರೆಯನ್ನು ಅವಲಂಬಿಸಿದೆ. ಆ ಪಾತ್ರೆಗೆ ಸೊಪ್ಪು ತರಕಾರಿ ಎಲ್ಲಿಂದ ಬರಬೇಕು? ಅದನ್ನು ಹೇಗೆ ಬೇಯಿಸಬೇಕು? ಬೇಯಿಸಿದುದು ಯಾರ ಯಾರ ತಟ್ಟೆಯನ್ನು ತಲುಪಬೇಕು? ಈ ಮೂರು ಪ್ರಶ್ನೆಗಳನ್ನು ಗಂಡ ಹೆಂಡತಿ ಇಬ್ಬರೂ ಕೂಡಿ ಆಲೋಚಿಸಲೆಂಬುದೇ ಈ ಪಾಠದ ಉದ್ದೇಶ.

ಸೊಪ್ಪು ತರಕಾರಿ ಏಕೆ ಬೇಕು?

ರಾಗಿಯು ಉತ್ತಮ ಧಾನ್ಯ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಬೇರಾವ ಸಾಮಾನ್ಯ ಧಾನ್ಯದಲ್ಲಿಯೂ ಇಷ್ಟಿಲ್ಲ. ಕಬ್ಬಿಣಾಂಶವೂ ಅದರಲ್ಲಿದೆ. ಆದರೆ ಧಾನ್ಯದಲ್ಲಿರುವ ಕಬ್ಬಿಣಾಂಶವನ್ನು ದೇಹವು ಸುಲಭವಾಗಿ ಹೀರಿಕೊಳ್ಳಲಾರದು. ಅದು ರಕ್ತಕ್ಕೆ ಸೇರಲು ‘ಸಿ’ ಜೀವಸತ್ತ್ವದ ನೆರವು ಬೇಕು. ಕಣ್ಣಿನ ಆರೋಗ್ಯಕ್ಕೆ ‘ಎ’ ಜೀವಸತ್ತ್ವ ಬೇಕು. ಅದರ ಕೊರತೆಯಿಂದ ಮಕ್ಕಳಿಗೆ ಇರುಳುಗಣ್ಣು ಬರುತ್ತದೆ. ಈ ಎರಡು ಜೀವಸತ್ತ್ವಗಳನ್ನು ಮುದ್ದೆಯಾಗಲಿ ಅನ್ನವಾಗಲಿ ಸಾಕಷ್ಟು ಕೊಡಲಾರವು. ಹಸಿರು ಸೊಪ್ಪು, ಹಳದಿ ತರಕಾರಿ ಮತ್ತು ಹಣ್ಣುಗಳೇ ಇವನ್ನು ಒದಗಿಸಬೇಕು. ವಯಸ್ಕರೊಬ್ಬರಿಗೆ ದಿನಕ್ಕೆ ತರಕಾರಿ ಮತ್ತು ಹಣ್ಣು ಸೇರಿ ಕನಿಷ್ಠ 400 ಗ್ರಾಂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ.

ಈ ಕೊರತೆಯು ಸಣ್ಣ ವಿಷಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷ ವಯಸ್ಸಿನ ಪ್ರತಿ ನೂರು ಮಹಿಳೆಯರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಆರು ತಿಂಗಳಿನಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳು ಇದಕ್ಕೆ ತುತ್ತಾಗಿದ್ದಾರೆ. ಕಣ್ಣಿನ ಒಳರೆಪ್ಪೆ, ನಾಲಗೆ ಮತ್ತು ಉಗುರು ಬಿಳಿಚಿಕೊಳ್ಳುವುದು, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುವುದು, ಸದಾ ಆಯಾಸ ಇವು ಅದರ ಲಕ್ಷಣಗಳು. ರಕ್ತಹೀನಳಾದ ಗರ್ಭಿಣಿಗೆ ಹೆರಿಗೆಯ ವೇಳೆಯಲ್ಲಿ ರಕ್ತಸ್ರಾವವಾದರೆ ಅವಳ ಪ್ರಾಣಕ್ಕೇ ಅಪಾಯ. ಮಗುವೂ ಕಡಮೆ ತೂಕದ್ದಾಗಿ ಹುಟ್ಟಬಹುದು.

ಸೊಪ್ಪು ತರಕಾರಿ ಎಲ್ಲಿಂದ ಬರಬೇಕು?

ತರಕಾರಿಯೆಂದರೆ ಸಂತೆಯಿಂದ ದುಡ್ಡು ಕೊಟ್ಟು ತರತಕ್ಕದ್ದು ಎಂದು ಅನೇಕರು ಭಾವಿಸಿದ್ದಾರೆ. ಇದು ಪೂರ್ತಿ ನಿಜವಲ್ಲ. ಶ್ರೀರಂಗಪಟ್ಟಣ ಮತ್ತು ಪಾಂಡವಪುರ ತಾಲ್ಲೂಕುಗಳ ನಾಲೆಯ ನೀರು ಹರಿಯುವ ಊರುಗಳಲ್ಲಿ ಗದ್ದೆಯ ಬದುಗಳ ಮೇಲೆ ಹೊನಗೊನೆ ಸೊಪ್ಪು ತಾನಾಗಿ ಬೆಳೆಯುತ್ತದೆ. ಮೇಲುಕೋಟೆಯ ಬೆಟ್ಟದ ಸುತ್ತ ಮತ್ತು ನಾಗಮಂಗಲದ ಕಡೆ ಮಳೆಯಾಶ್ರಯದ ಹೊಲಗಳೇ ಹೆಚ್ಚು. ಅಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಾಗಿ ಅವರೆ, ತೊಗರಿ, ಅಲಸಂದೆಗಳನ್ನು ಬಿತ್ತುವ ಪದ್ಧತಿಯನ್ನು ಹಿರಿಯರು ಇಟ್ಟುಕೊಂಡು ಬಂದಿದ್ದಾರೆ. ಮಳೆಗಾಲದಲ್ಲಿ ಅದೇ ಹೊಲದಲ್ಲಿ ಅಣ್ಣೆಸೊಪ್ಪು, ಕೀರೆಸೊಪ್ಪು ಮುಂತಾದವು ಕಳೆಯಂತೆ ಹುಟ್ಟುತ್ತವೆ. ಇವನ್ನೆಲ್ಲ ಕೂಡಿಸಿ ಕೊಯ್ದು ತಂದುದೇ ಬೆರಕೆ ಸೊಪ್ಪು. ಅದಕ್ಕೆ ಬೆಲೆಯಿಲ್ಲ, ಆದರೆ ಅದರ ಗುಣಕ್ಕೆ ಬೆಲೆ ಕಟ್ಟಲಾಗದು.

ಇಲ್ಲಿ ಎರಡು ಎಚ್ಚರಿಕೆಗಳುಂಟು. ಕಳೆನಾಶಕ ಅಥವಾ ಕೀಟನಾಶಕ ಸಿಂಪಡಿಸಿದ ಹೊಲ ಮತ್ತು ಬದುಗಳ ಸೊಪ್ಪನ್ನು ಎಂದಿಗೂ ಕೊಯ್ಯಬಾರದು. ಎಲ್ಲಿ, ಯಾವ ದಿನ ಔಷಧಿ ಹೊಡೆಯಲಾಗಿದೆ ಎಂಬುದನ್ನು ಗಂಡನು ಮನೆಯಲ್ಲಿ ತಪ್ಪದೆ ತಿಳಿಸಬೇಕು. ಎರಡನೆಯದಾಗಿ, ಗುರುತು ಇರುವ ಸೊಪ್ಪನ್ನು ಮಾತ್ರ ಕೊಯ್ಯಬೇಕು. ಈ ಗುರುತು ಅತ್ತೆ, ಅಜ್ಜಿಯರಿಗೆ ಚೆನ್ನಾಗಿ ತಿಳಿದಿರುತ್ತದೆ. ಸೊಸೆಯಂದಿರೂ ಮಕ್ಕಳೂ ಅವರ ಜೊತೆಯಲ್ಲಿ ಹೊಲಕ್ಕೆ ಹೋಗಿ ಕಲಿತುಕೊಳ್ಳುವುದು ಲೇಸು.

ಬೇಸಗೆಯಲ್ಲಿ ಹೊಲ ಒಣಗಿದಾಗ ಹಿತ್ತಲು ನೆರವಾಗುತ್ತದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಜಾಗವಿದ್ದರೂ ಸಾಕು. ಅಂಚಿನಲ್ಲಿ ಒಂದು ನುಗ್ಗೆ, ಒಂದು ಕರಿಬೇವು, ಒಂದು ನಿಂಬೆ ಗಿಡ ನೆಡಿ. ಬೇಲಿಗೆ ಬಸಳೆಯನ್ನೂ ಕುಂಬಳದ ಬಳ್ಳಿಯನ್ನೂ ಹಬ್ಬಿಸಿ. ಉಳಿದ ನೆಲದಲ್ಲಿ ಸಣ್ಣ ಮಡಿಗಳನ್ನು ಮಾಡಿ ದಂಟು, ಮೆಂತ್ಯ, ಸಬ್ಬಸಿಗೆ ಬಿತ್ತಿ. ದಂಟಿನ ಸೊಪ್ಪು ಸುಮಾರು ಒಂದು ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ. ಹದಿನೈದು ದಿನಕ್ಕೊಮ್ಮೆ ಒಂದೊಂದು ಮಡಿಯಂತೆ ಬಿತ್ತಿದರೆ ಸೊಪ್ಪು ಬಿಡುವಿಲ್ಲದೆ ದೊರೆಯುತ್ತದೆ. ಮಡಿ ಅಗೆಯುವುದು, ಗೊಬ್ಬರ ಹಾಕುವುದು, ನೀರು ಹೊರುವುದು ಹೆಂಗಸರ ಕೆಲಸವೆಂದು ಗಂಡಸರು ಸುಮ್ಮನಿರಬಾರದು. ಚರಂಡಿಯ ಕೊಳಚೆ ನೀರನ್ನು ಸೊಪ್ಪಿನ ಮಡಿಗೆ ಹಾಯಿಸಬಾರದು.

ನುಗ್ಗೆಸೊಪ್ಪು ಹೇರಳವಾಗಿರುವಾಗ ಅದನ್ನು ತೊಳೆದು, ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿ, ಪುಡಿ ಮಾಡಿ ಮುಚ್ಚಳವಿರುವ ಡಬ್ಬಿಯಲ್ಲಿ ಇಡಬಹುದು. ಬಿಸಿಲಿನಲ್ಲಿ ಒಣಗಿಸಿದರೆ ‘ಎ’ ಜೀವಸತ್ತ್ವವು ಹೆಚ್ಚು ನಷ್ಟವಾಗುತ್ತದೆ. ಈ ಪುಡಿಯನ್ನು ಬೇಸಗೆಯಲ್ಲಿ ಸಾರಿಗೆ, ರೊಟ್ಟಿಯ ಹಿಟ್ಟಿಗೆ ಒಂದೆರಡು ಚಮಚ ಬೆರೆಸಬಹುದು.

ಹೇಗೆ ಬೇಯಿಸಬೇಕು?

ಸೊಪ್ಪು ತರಕಾರಿಗಳನ್ನು ಮೊದಲು ತೊಳೆದು ಅನಂತರ ಹೆಚ್ಚಬೇಕು. ಹೆಚ್ಚಿದ ಮೇಲೆ ತೊಳೆದರೆ ಜೀವಸತ್ತ್ವಗಳು ನೀರಿನೊಡನೆ ಹೋಗುತ್ತವೆ. ಮಣ್ಣು ಹೋಗುವವರೆಗೆ ಮೂರು ನಾಲ್ಕು ಬಾರಿ ನೀರು ಬದಲಿಸಿ. ಹೋಳುಗಳು ತೀರ ಸಣ್ಣವಾಗಿರಬಾರದು. ಹೆಚ್ಚಿದ ಕೂಡಲೆ ಕುದಿಯುವ ನೀರಿಗೆ ಹಾಕಿ, ಮುಚ್ಚಳ ಮುಚ್ಚಿ, ಬೆಂದ ತಕ್ಷಣ ಇಳಿಸಬೇಕು. ಬೇಗ ಬೇಯಲೆಂದು ಅಡಿಗೆ ಸೋಡ ಹಾಕಬಾರದು. ಅದು ಜೀವಸತ್ತ್ವಗಳನ್ನು ಹಾಳು ಮಾಡುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಬೇಯಿಸಿದ ನೀರನ್ನು ಚೆಲ್ಲಬಾರದು. ‘ಬಿ’ ಮತ್ತು ‘ಸಿ’ ಜೀವಸತ್ತ್ವಗಳು ನೀರಿನಲ್ಲಿ ಕರಗುವ ವಸ್ತುಗಳು. ಈ ವಿಷಯದಲ್ಲಿ ನಮ್ಮ ಸೀಮೆಯ ಹೆಂಗಸರಿಗೆ ಯಾರೂ ಹೊಸದಾಗಿ ಪಾಠ ಹೇಳಬೇಕಾಗಿಲ್ಲ. ಬಸಿದ ನೀರಿನಿಂದಲೇ ಮಾಡುವುದು ಬಸ್ಸಾರು. ಆ ನೀರಿಗೆ ಉಪ್ಪು ಬೆರೆಸಿ ಖಾರದೊಡನೆ ಬಡಿಸುವುದು ಉಪ್ಸಾರು. ಒಂದೇ ಪಾತ್ರೆಯಲ್ಲಿ ಬೆಂದ ಕಾಳು ಸೊಪ್ಪುಗಳಿಂದ ಸಾರೂ ಆಗುತ್ತದೆ, ಪಲ್ಯವೂ ಆಗುತ್ತದೆ, ಒಂದು ಹನಿಯೂ ವ್ಯರ್ಥವಾಗುವುದಿಲ್ಲ. ಪೌಷ್ಟಿಕ ಆಹಾರ ಶಾಸ್ತ್ರವು ಹೇಳುವುದನ್ನು ಈ ಅಡಿಗೆಗಳು ಮೊದಲಿನಿಂದಲೂ ಪಾಲಿಸುತ್ತ ಬಂದಿವೆ. ಅಂಗಡಿಯ ಪೊಟ್ಟಣದ ತಿಂಡಿಗಳ ಮೋಹದಿಂದ ಇವನ್ನು ಕೈಬಿಡಬಾರದು.

ಬೆರಕೆ ಸೊಪ್ಪಿನ ಬಸ್ಸಾರು ಮತ್ತು ಪಲ್ಯ (ಐದು ಜನರಿಗೆ)

ಬೇಕಾಗುವ ಸಾಮಗ್ರಿಗಳು: ತೊಗರಿಬೇಳೆ ಅಥವಾ ಹೆಸರುಕಾಳು 1 ಲೋಟ, ಬೆರಕೆ ಸೊಪ್ಪು ಅರ್ಧ ಕಿಲೋ, ಈರುಳ್ಳಿ 2, ಬೆಳ್ಳುಳ್ಳಿ 8 ಎಸಳು, ಒಣಮೆಣಸಿನಕಾಯಿ 6, ಜೀರಿಗೆ 1 ಚಮಚ, ಕಾಳುಮೆಣಸು 6, ತೆಂಗಿನತುರಿ ಅರ್ಧ ಬಟ್ಟಲು, ಹುಣಸೆಹಣ್ಣು ನೆಲ್ಲಿಕಾಯಿ ಗಾತ್ರ, ನಿಂಬೆಹಣ್ಣು 1, ಎಣ್ಣೆ 3 ಚಮಚ, ಸಾಸಿವೆ, ಕರಿಬೇವು, ಉಪ್ಪು.

ಮಾಡುವ ವಿಧಾನ: ಬೇಳೆಯನ್ನು ಕರಗದಂತೆ ಮುಕ್ಕಾಲು ಭಾಗ ಬೇಯಿಸಿ. ತೊಳೆದು ಹೆಚ್ಚಿದ ಸೊಪ್ಪನ್ನೂ ಉಪ್ಪನ್ನೂ ಸೇರಿಸಿ, ಮುಚ್ಚಿ, ಐದಾರು ನಿಮಿಷ ಬೇಯಿಸಿ. ನೀರನ್ನು ಬೇರೊಂದು ಪಾತ್ರೆಗೆ ಬಸಿದಿಡಿ. ಒಂದು ಈರುಳ್ಳಿ, ಬೆಳ್ಳುಳ್ಳಿ, ನಾಲ್ಕು ಒಣಮೆಣಸಿನಕಾಯಿ, ಜೀರಿಗೆ, ಮೆಣಸುಗಳನ್ನು ಸ್ವಲ್ಪ ಎಣ್ಣೆಯಲ್ಲಿ ಹುರಿದು, ಅರ್ಧದಷ್ಟು ತೆಂಗಿನತುರಿ, ಹುಣಸೆಹಣ್ಣು ಮತ್ತು ಎರಡು ಸೌಟು ಬೆಂದ ಬೇಳೆಸೊಪ್ಪಿನೊಡನೆ ನುಣ್ಣಗೆ ರುಬ್ಬಿ. ಇದನ್ನು ಬಸಿದ ನೀರಿಗೆ ಕಲಸಿ ಕುದಿಸಿ, ಒಗ್ಗರಣೆ ಕೊಟ್ಟರೆ ಬಸ್ಸಾರು ಸಿದ್ಧ. ಉಳಿದ ಎಣ್ಣೆಯಲ್ಲಿ ಸಾಸಿವೆ, ಮುರಿದ ಮೆಣಸಿನಕಾಯಿ, ಕರಿಬೇವು, ಹೆಚ್ಚಿದ ಈರುಳ್ಳಿ ಬಾಡಿಸಿ, ಬಸಿದ ಬೇಳೆಸೊಪ್ಪನ್ನು ಹಾಕಿ ಕೈಯಾಡಿಸಿ. ಇಳಿಸಿದ ಮೇಲೆ ಉಳಿದ ತೆಂಗಿನತುರಿ ಬೆರೆಸಿ ನಿಂಬೆರಸ ಹಿಂಡಿ. ಒಲೆಯ ಮೇಲಿರುವಾಗಲೇ ಹಿಂಡಿದರೆ ‘ಸಿ’ ಜೀವಸತ್ತ್ವವು ಶಾಖಕ್ಕೆ ನಾಶವಾಗುತ್ತದೆ. ಎಣ್ಣೆಯ ಒಗ್ಗರಣೆಯು ರುಚಿಗೆ ಮಾತ್ರವಲ್ಲ. ಸೊಪ್ಪಿನಿಂದ ‘ಎ’ ಜೀವಸತ್ತ್ವವನ್ನು ಪಡೆಯಲು ದೇಹಕ್ಕೆ ಸ್ವಲ್ಪ ಜಿಡ್ಡು ಬೇಕು.

ನುಗ್ಗೆಸೊಪ್ಪಿನ ಉಪ್ಸಾರು

ಒಂದು ಲೋಟ ಹೆಸರುಕಾಳು ಅಥವಾ ತೊಗರಿಬೇಳೆಯನ್ನು ಬೇಯಿಸಿ, ಕಡ್ಡಿ ತೆಗೆದ ಎರಡು ಹಿಡಿ ನುಗ್ಗೆಸೊಪ್ಪು ಮತ್ತು ಉಪ್ಪು ಹಾಕಿ ಬೇಯಲು ಬಿಡಿ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಹುಣಸೆಹಣ್ಣುಗಳನ್ನು ರುಬ್ಬಿ ಖಾರ ಮಾಡಿಟ್ಟುಕೊಳ್ಳಿ. ಬಸಿದ ನೀರಿಗೆ ಅವರವರ ರುಚಿಯಂತೆ ಖಾರ ಬೆರೆಸಿಕೊಂಡು ಮುದ್ದೆಯೊಡನೆ ಉಣ್ಣಬಹುದು. ಬೆಂದ ಕಾಳುಸೊಪ್ಪನ್ನು ಒಗ್ಗರಣೆ ಹಾಕಿ ಪಕ್ಕಕ್ಕೆ ಬಡಿಸಬೇಕು. ಹೆಸರಿನಲ್ಲಿ ಉಪ್ಪು ಇದ್ದರೂ ಅಡಿಗೆಯಲ್ಲಿ ಅದು ಮಿತವಾಗಿರಲಿ. ಎಲ್ಲ ಪದಾರ್ಥಗಳೂ ಸೇರಿ ಒಬ್ಬರಿಗೆ ದಿನಕ್ಕೆ ಐದು ಗ್ರಾಂ, ಎಂದರೆ ಒಂದು ಸಣ್ಣ ಚಮಚಕ್ಕಿಂತ ಹೆಚ್ಚು ಉಪ್ಪು ಬೇಡ. ಅಯೋಡಿನ್‌ಯುಕ್ತ ಉಪ್ಪನ್ನೇ ಬಳಸಿ.

ಮೊಳಕೆ ಹೆಸರುಕಾಳಿನ ಕೋಸಂಬರಿ

ಹೆಸರುಕಾಳನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ನೀರು ಬಸಿದು, ತೆಳುವಾದ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮರುದಿನ ಮೊಳಕೆ ಬಂದಿರುತ್ತದೆ. ಮೊಳಕೆಯಲ್ಲಿ ‘ಸಿ’ ಜೀವಸತ್ತ್ವವು ಹೊಸದಾಗಿ ಹುಟ್ಟುತ್ತದೆ. ಕಾಳಿನ ಕಬ್ಬಿಣಾಂಶವೂ ದೇಹಕ್ಕೆ ಸುಲಭವಾಗಿ ಒದಗುತ್ತದೆ. ಇದನ್ನು ಐದು ನಿಮಿಷ ಹಬೆಯಲ್ಲಿ ಬೇಯಿಸಿ ಆರಿಸಿ, ತುರಿದ ಸೌತೆಕಾಯಿ ಅಥವಾ ಗಜ್ಜರಿ, ಕೊತ್ತಂಬರಿ ಸೊಪ್ಪು, ತೆಂಗಿನತುರಿ, ನಿಂಬೆರಸ ಬೆರೆಸಿ, ಒಗ್ಗರಣೆ ಕೊಡಿ.

ಆರು ತಿಂಗಳು ತುಂಬಿದ ಕೂಸಿಗೆ ತಾಯಿಯ ಹಾಲಿನ ಜೊತೆಗೆ ರಾಗಿ ಸರಿಯನ್ನು ಆರಂಭಿಸುವಾಗ, ಬೇಯಿಸಿ ನುಣ್ಣಗೆ ಮಸೆದ ಸೊಪ್ಪು ಅಥವಾ ಸಿಹಿಗುಂಬಳವನ್ನು ಒಂದೆರಡು ಚಮಚ ತುಪ್ಪದೊಡನೆ ಬೆರೆಸಿಕೊಡಬಹುದು. ಖಾರ ಬೇಡ.

ಯಾರ ತಟ್ಟೆಗೆ?

ಅನೇಕ ಮನೆಗಳಲ್ಲಿ ಗಂಡಸರು ಮೊದಲು, ಮಕ್ಕಳು ಅನಂತರ, ಹೆಂಡತಿ ಅಥವಾ ಸೊಸೆ ಕೊನೆಗೆ ಉಣ್ಣುವ ರೂಢಿ ಇದೆ. ಅವಳ ಸರದಿ ಬರುವ ವೇಳೆಗೆ ಪಲ್ಯ ಮುಗಿದು, ತಿಳಿ ಸಾರು ಮಾತ್ರ ಉಳಿದಿರುತ್ತದೆ. ಮಡಿಯಲ್ಲಿ ಸೊಪ್ಪು ಬೆಳೆದರೂ, ಅಡಿಗೆ ಕ್ರಮವಾಗಿ ನಡೆದರೂ, ಅದು ಅತ್ಯಂತ ಅಗತ್ಯವಿರುವ ಗರ್ಭಿಣಿ ಅಥವಾ ಬಾಣಂತಿಯನ್ನು ತಲುಪದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಆದುದರಿಂದ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದು ಉತ್ತಮ. ಅದು ಸಾಧ್ಯವಿಲ್ಲದಿದ್ದರೆ ಬಡಿಸುವುದಕ್ಕೆ ಮೊದಲೇ ಅವಳ ಪಾಲಿನ ಪಲ್ಯವನ್ನು ತೆಗೆದಿಡಬೇಕು. ಗಂಡನು ಊಟಕ್ಕೆ ಕುಳಿತಾಗ “ನಿನಗೆ ಪಲ್ಯ ತೆಗೆದಿಟ್ಟುಕೊಂಡೆಯಾ?” ಎಂದು ಒಂದು ಮಾತು ಕೇಳಿದರೆ ಮನೆಯ ರೂಢಿ ತಾನಾಗಿ ಬದಲಾಗುತ್ತದೆ. ಬಾಣಂತಿಗೆ ಸೊಪ್ಪು ಶೀತ ಎಂಬ ಭಯಕ್ಕೆ ಆಧಾರವಿಲ್ಲ. ಚೆನ್ನಾಗಿ ತೊಳೆದು ಬೇಯಿಸಿದ ಸೊಪ್ಪು ಅವಳಿಗೆ ಬೇಕೇ ಬೇಕು.

ಊಟವಾದ ಕೂಡಲೆ ಕಾಫಿ, ಟೀ ಕುಡಿದರೆ ಕಬ್ಬಿಣಾಂಶವು ರಕ್ತಕ್ಕೆ ಸೇರುವುದು ಕಡಮೆಯಾಗುತ್ತದೆ. ಕನಿಷ್ಠ ಒಂದು ಗಂಟೆ ಬಿಡುವು ಕೊಡಿ. ಮಾಂಸಾಹಾರಿಗಳು ಮೊಟ್ಟೆ, ಮೀನು, ಮಾಂಸಗಳನ್ನೂ ಗರ್ಭಿಣಿಗೆ ಕೊಡಬಹುದು. ಮೀನು ಮಾಂಸಗಳ ಕಬ್ಬಿಣಾಂಶವು ಬೇಗ ರಕ್ತಕ್ಕೆ ಸೇರುತ್ತದೆ.

ಸೊಪ್ಪೊಂದರಿಂದಲೇ ರಕ್ತಹೀನತೆ ವಾಸಿಯಾಗುತ್ತದೆಂದು ನಂಬಿ ಕೂರಬಾರದು. ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ ಪ್ರಮಾಣವು 11 ಗ್ರಾಂಗಿಂತ ಕಡಮೆಯಿದ್ದರೆ ಚಿಕಿತ್ಸೆ ಅಗತ್ಯ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ಪರೀಕ್ಷೆ ಉಚಿತ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ, ಉಚಿತವಾಗಿ ದೊರೆಯುವ ಕಬ್ಬಿಣಾಂಶದ ಮಾತ್ರೆಯನ್ನು ತಪ್ಪದೆ ನುಂಗಬೇಕು. ಮಲ ಕಪ್ಪಾದರೆ ಹೆದರಬೇಕಾಗಿಲ್ಲ. ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆಯು 2017ರಲ್ಲಿ ಆರಂಭವಾಯಿತು. ಅಲ್ಲಿ ಉಂಡಳೆಂದು ಮನೆಯಲ್ಲಿ ಅವಳ ಪಾಲನ್ನು ಕಡಮೆ ಮಾಡಬಾರದು.

ದಂಪತಿಗಳು ತಮ್ಮೊಳಗೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ಈ ವಾರ ನಮ್ಮ ಮನೆಯಲ್ಲಿ ಎಷ್ಟು ದಿನ ಸೊಪ್ಪಿನ ಅಡಿಗೆಯಾಯಿತು?
2. ಬೇಯಿಸಿದ ನೀರನ್ನು ಬಳಸಿದೆವೋ, ಚೆಲ್ಲಿದೆವೋ?
3. ಹಿತ್ತಲಿನಲ್ಲಿ ಒಂದು ಮಡಿಗಾದರೂ ಜಾಗ ಉಂಟೇ? ಅದನ್ನು ಯಾರು ಅಗೆಯುತ್ತಾರೆ?
4. ಪಲ್ಯದಲ್ಲಿ ಮನೆಯೊಡತಿಗೆ ಸಮನಾದ ಪಾಲು ದೊರೆಯಿತೇ?

ಈ ನಾಲ್ಕು ಪ್ರಶ್ನೆಗಳಿಗೆ ಸಮಾಧಾನಕರವಾದ ಉತ್ತರ ದೊರೆಯುವ ಮನೆಯಲ್ಲಿ ತಾಯಿಗೂ ಮಗುವಿಗೂ ರಕ್ತಹೀನತೆಯ ಭಯ ಬಹುಮಟ್ಟಿಗೆ ತಗ್ಗುತ್ತದೆ.