ಉತ್ತರ ಬಂತು, ಆದರೆ ಸರಿಯೇ?
ಸಂಭವನೀಯತೆಯ ಪ್ರೋಗ್ರಾಂನಲ್ಲಿ ಅಡಗಿ ಕೂತ ತಪ್ಪನ್ನು ಹಿಡಿಯುವ ಪಾಠ



ರಾಗಿ ಕೊಯ್ದು ಮೆದೆ ಹಾಕಿದ ಮೇಲೆ ನಮ್ಮ ತಳಿ, ಡೆಂಕಣಿಕೋಟೆ ಕಡೆಯ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಏಳುವ ಪ್ರಶ್ನೆ ನಿಮಗೆ ಗೊತ್ತು: "ನಾಳೆ ಒಕ್ಕಣೆ ಇಟ್ಕೊಳ್ಳೋಣ್ವಾ? ಆಳುಗಳಿಗೆ ಹೇಳಿಬಿಡ್ಲಾ?" ನವೆಂಬರ್, ಡಿಸೆಂಬರ್ ತಿಂಗಳಲ್ಲಿ ಈಶಾನ್ಯ ಮಾರುತದ ಮಳೆ ಹೇಳಿ ಕೇಳಿ ಬರುವುದಿಲ್ಲ. ಕಣದಲ್ಲಿ ಹರಡಿದ ತೆನೆ ನೆನೆದರೆ ಕಾಳೂ ಕೆಡುತ್ತದೆ, ಹುಲ್ಲೂ ಕೆಡುತ್ತದೆ. ಸುಮ್ಮನೆ ಹೆದರಿ ಮುಂದೂಡಿದರೆ ಒಳ್ಳೆಯ ಬಿಸಿಲಿನ ದಿನ ಕೈತಪ್ಪುತ್ತದೆ.

ಈ ಲೆಕ್ಕವನ್ನು ಕಂಪ್ಯೂಟರಿಗೆ ಕೊಡೋಣ. ಮೋಡ ಕಟ್ಟಿದರೆ ಮಳೆಯ ಸಾಧ್ಯತೆ ಹೆಚ್ಚು. ಆದ್ದರಿಂದ ಹಾಳೆಯ ಮೇಲೆ "ಮೋಡ" ಎಂದು ಒಂದು ವೃತ್ತ, "ಮಳೆ" ಎಂದು ಇನ್ನೊಂದು ವೃತ್ತ ಬರೆದು, ಮೋಡದಿಂದ ಮಳೆಗೆ ಒಂದು ಬಾಣ ಎಳೆಯಿರಿ. ಇದೇ ಸಂಭವನೀಯತೆಯ ಚಿತ್ರ ಮಾದರಿ. ಇಂಥ ಚಿತ್ರಗಳಿಗೆ 1985ರಲ್ಲಿ "ಬೇಸಿಯನ್ ಜಾಲ" ಎಂಬ ಹೆಸರು ಕೊಟ್ಟವರು ಜುಡಿಯಾ ಪರ್ಲ್. ಅವರಿಗೆ 2011ರ ಟ್ಯೂರಿಂಗ್ ಪ್ರಶಸ್ತಿ ಬಂತು.

ಪಟ್ಟಿ ಬರೆಯೋಣ

ಕೆಳಗಿನ ಸಂಖ್ಯೆಗಳು ಪಾಠಕ್ಕಾಗಿ ನಾವೇ ಇಟ್ಟುಕೊಂಡವು, ಅಳೆದು ತಂದವಲ್ಲ. 0 ಎಂದರೆ "ಇಲ್ಲ", 1 ಎಂದರೆ "ಇದೆ".

ಮೋಡ = [0.7, 0.3]
ಪಟ್ಟಿ = [[0.9, 0.1], [0.4, 0.6]]

ಪಟ್ಟಿಯಲ್ಲಿ ಅಡ್ಡಸಾಲು ಮೋಡಕ್ಕೆ, ಕಂಬಸಾಲು ಮಳೆಗೆ. ಅಂದರೆ ಪಟ್ಟಿ[1][0] ಎಂಬುದು ಮೋಡ ಇದ್ದಾಗ ಮಳೆ ಬಾರದಿರುವ ಸಾಧ್ಯತೆ, 0.4. ಎಣಿಕೆ ಸೊನ್ನೆಯಿಂದ ಶುರು ಎಂಬುದನ್ನು ಮರೆಯಬೇಡಿ.

ನಾಳೆ ಮೋಡ ಇರುತ್ತದೋ ಇಲ್ಲವೋ ಇವತ್ತು ರಾತ್ರಿ ಗೊತ್ತಿಲ್ಲ. ಆದ್ದರಿಂದ ಎರಡೂ ದಾರಿಯನ್ನು ಕೂಡಿಸಬೇಕು:

ಮಳೆ ಬರುವುದು = ಮೋಡ[0] × ಪಟ್ಟಿ[0][1] + ಮೋಡ[1] × ಪಟ್ಟಿ[1][1]
= 0.07 + 0.18 = 0.25

ನಾಲ್ಕರಲ್ಲಿ ಒಂದು ಪಾಲು. ಆಳುಗಳಿಗೆ ಹೇಳಬಹುದು ಅನ್ನಿಸುತ್ತದೆ, ಅಲ್ವಾ?

ಸದ್ದಿಲ್ಲದ ತಪ್ಪು

ಈಗ ಒಬ್ಬ ವಿದ್ಯಾರ್ಥಿ ಅವಸರದಲ್ಲಿ ಅಡ್ಡಸಾಲು, ಕಂಬಸಾಲು ಅದಲುಬದಲು ಮಾಡಿದ ಅಂತಿಟ್ಟುಕೊಳ್ಳಿ. ಪಟ್ಟಿ[0][1] ಬದಲು ಪಟ್ಟಿ[1][0] ಎಂದು ಬರೆದ. ಉತ್ತರ 0.28 + 0.18 = 0.46. ಹೆಚ್ಚುಕಡಿಮೆ ಅರ್ಧ! ಒಕ್ಕಣೆ ನಿಂತುಹೋಯಿತು.

ಕಂಪ್ಯೂಟರ್ ಏನಾದರೂ ಹೇಳಿತೇ? ಇಲ್ಲ. ಪಟ್ಟಿ[1][0] ಎಂಬ ಜಾಗ ಇದೆ, ಅಲ್ಲೊಂದು ಸಂಖ್ಯೆಯೂ ಇದೆ. ಅದಕ್ಕೆ ಅಷ್ಟೇ ಸಾಕು. ಇಲ್ಲದ ಜಾಗ ಕೇಳಿದರೆ, ಉದಾಹರಣೆಗೆ ಪಟ್ಟಿ[2], ಪೈಥಾನ್ ಕೂಡಲೇ ಕೂಗಿಕೊಳ್ಳುತ್ತದೆ. ಕೂಗುವ ತಪ್ಪು ಒಳ್ಳೆಯದು, ತಿದ್ದಬಹುದು. ಸುಮ್ಮನಿರುವ ತಪ್ಪಿಗೇ ಹೆದರಬೇಕು. ಪಟ್ಟಿ[-1] ಕೂಡ ಸುಮ್ಮನಿರುವ ಜಾತಿಯದೇ: ಪೈಥಾನ್ ಅದನ್ನು "ಕೊನೆಯ ಸಾಲು" ಎಂದು ತಿಳಿಯುತ್ತದೆ. ಒಂದು ಕಳೆಯುವ ಅಭ್ಯಾಸದಿಂದ ಸೊನ್ನೆ ಹೋಗಿ -1 ಆದರೆ ತಪ್ಪು ಗೊತ್ತೇ ಆಗುವುದಿಲ್ಲ.

ಹಿಡಿಯುವುದು ಹೇಗೆ?

ಮಳೆ ಬರುತ್ತದೆ, ಇಲ್ಲವೇ ಬರುವುದಿಲ್ಲ. ಮೂರನೆಯ ದಾರಿ ಇಲ್ಲ. ಆದ್ದರಿಂದ ಎರಡರ ಮೊತ್ತ 1 ಆಗಲೇಬೇಕು. ಸರಿಯಾದ ಲೆಕ್ಕದಲ್ಲಿ "ಮಳೆ ಇಲ್ಲ" 0.63 + 0.12 = 0.75, 0.25 ಸೇರಿದರೆ 1. ತಪ್ಪು ಲೆಕ್ಕದಲ್ಲಿ "ಮಳೆ ಇಲ್ಲ" 0.63 + 0.03 = 0.66, 0.46 ಸೇರಿದರೆ 1.12. ಕಳ್ಳ ಸಿಕ್ಕಿಬಿದ್ದ!

ಇಲ್ಲೊಂದು ಅಪಾಯ ಇದೆ. ಮೊತ್ತ 1 ಬರಲಿಲ್ಲ ಎಂದು ಕೆಲವರು ಎರಡನ್ನೂ 1.12ರಿಂದ ಭಾಗಿಸಿಬಿಡುತ್ತಾರೆ. ಆಗ ಸುಮಾರು 0.41 ಮತ್ತು 0.59 ಬರುತ್ತದೆ, ಮೊತ್ತ ಚೆನ್ನಾಗಿ 1. ಆದರೆ ತಪ್ಪು ಹೋಗಲಿಲ್ಲ, ಅದರ ಮೇಲೆ ಟಾರ್ಪಾಲು ಹೊದಿಸಿದಂತಾಯಿತು ಅಷ್ಟೇ. ಭಾಗಿಸುವ ಮೊದಲು "ಯಾಕೆ 1 ಬರಲಿಲ್ಲ?" ಎಂದು ಕೇಳಿ.

ಇನ್ನೊಂದು ಉಪಾಯ. ನಮ್ಮ ಪಟ್ಟಿ 2 × 2 ಚೌಕ, ಅದಕ್ಕೇ ಅದಲುಬದಲಾದರೂ ಗೊತ್ತಾಗಲಿಲ್ಲ. ಪರೀಕ್ಷೆ ಮಾಡುವಾಗ ಮಳೆಗೆ ಮೂರು ಸ್ಥಿತಿ ಕೊಡಿ: ಇಲ್ಲ, ತುಂತುರು, ಜೋರು. ಪಟ್ಟಿ 2 × 3 ಆಗುತ್ತದೆ. ಈಗ ಅಡ್ಡ, ಕಂಬ ತಿರುಗಿದರೆ ಮೂರನೆಯ ಅಡ್ಡಸಾಲನ್ನು ಹುಡುಕಿಕೊಂಡು ಹೋಗಿ ಪೈಥಾನ್ ತಾನೇ ನಿಂತುಬಿಡುತ್ತದೆ. ಸುಮ್ಮನಿದ್ದ ತಪ್ಪಿಗೆ ಬಾಯಿ ಬಂತು!

ನೆನಪಿಡಿ

1. ಯಾವ ಸಾಲು ಯಾವುದಕ್ಕೆ ಎಂಬುದನ್ನು ಪಟ್ಟಿಯ ಪಕ್ಕದಲ್ಲೇ ಬರೆದಿಡಿ.
2. ಪಟ್ಟಿಯ ಪ್ರತಿ ಅಡ್ಡಸಾಲಿನ ಮೊತ್ತ 1 ಇದೆಯೇ ನೋಡಿ. ಕಂಬಸಾಲಿನ ಮೊತ್ತ 1 ಇರಬೇಕಿಲ್ಲ. ನಮ್ಮ ಪಟ್ಟಿಯಲ್ಲಿ ಅವು 1.3 ಮತ್ತು 0.7.
3. ಚಿಕ್ಕ ಲೆಕ್ಕವನ್ನು ಮೊದಲು ಕೈಯಲ್ಲಿ ಮಾಡಿ, ಆಮೇಲೆ ಪ್ರೋಗ್ರಾಂನ ಉತ್ತರಕ್ಕೆ ಹೋಲಿಸಿ.
4. ಕಂಪ್ಯೂಟರಿನಲ್ಲಿ 0.1 + 0.2 ಸರಿಯಾಗಿ 0.3 ಬರುವುದಿಲ್ಲ, ಕೊನೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದೆ. ಅದಕ್ಕೆ ಗಾಬರಿ ಬೇಡ. 1.12 ಬಂದರೆ ಗಾಬರಿಯಾಗಿ.

ನೀವೇ ಮಾಡಿ ನೋಡಿ

ಮೋಡ = [0.7, 0.3]; ಪಟ್ಟಿ = [[0.8, 0.15, 0.05], [0.4, 0.4, 0.2]]. ಮಳೆಯ ಮೂರು ಸ್ಥಿತಿಗಳ ಸಾಧ್ಯತೆ ಎಷ್ಟೆಷ್ಟು? ಕಂಪ್ಯೂಟರ್ ಇಲ್ಲದವರು ನೋಟ್‌ಬುಕ್ಕಿನಲ್ಲೇ ಮಾಡಿ, ಏನೂ ಕಡಿಮೆಯಿಲ್ಲ. (ಉತ್ತರ: 0.68, 0.225, 0.095. ಕೂಡಿಸಿ ನೋಡಿದಿರಾ?)