120 ಹಾಡಿನ ಡಿಸ್ಕ್ ಕಾರಿನಲ್ಲೇಕೆ ಹಾಡುವುದಿಲ್ಲ?

ಪ್ರಶ್ನೆ: ನಮ್ಮದು ಅಪ್ಪ ಕೊಂಡ 2004ರ ಕಾರು. ಅದರಲ್ಲಿ ಆಗಿನದೇ ಸಿ.ಡಿ. ಸೆಟ್ ಇದೆ. ಅಂಗಡಿಯಿಂದ ತಂದ ಸಿ. ಅಶ್ವಥ್ ಅವರ ಭಾವಗೀತೆಗಳ ಸಿ.ಡಿ. ಚೆನ್ನಾಗಿ ಹಾಡುತ್ತದೆ. ನಾನು ರೈಟ್ ಮಾಡಿದ, 120 ಹಾಡಿರುವ ಡಿಸ್ಕ್ ಹಾಕಿದರೆ ಮಾತ್ರ ಸ್ವಲ್ಪ ಹೊತ್ತು ಗಿರಗಿರ ಸುತ್ತಿ, ‘ಎರರ್’ ತೋರಿಸಿ ಹೊರಗೆ ತಳ್ಳುತ್ತದೆ. ಅದೇ ಡಿಸ್ಕ್ ಲ್ಯಾಪ್‌ಟಾಪಿನಲ್ಲಿ ಹಾಡುತ್ತದೆ. ಕೆಟ್ಟಿರುವುದು ಸೆಟ್ಟೋ ಡಿಸ್ಕೋ?
– ಓದುಗರೊಬ್ಬರು, ವರ್ತೂರು

ಉತ್ತರ: ಎರಡೂ ಕೆಟ್ಟಿರಲಾರವು. ಸುಳಿವು ನಿಮ್ಮ ಪತ್ರದಲ್ಲೇ ಇದೆ: 120 ಹಾಡು. 1980ರಲ್ಲಿ ಫಿಲಿಪ್ಸ್ ಮತ್ತು ಸೋನಿ ಗೊತ್ತುಮಾಡಿದ ಆಡಿಯೋ ಸಿ.ಡಿ. ಕ್ರಮದಲ್ಲಿ ಬರೆದರೆ, ಈಗ ಸಿಗುವ 700 ಎಂ.ಬಿ. ಡಿಸ್ಕಿಗೆ ಹಿಡಿಸುವುದು 80 ನಿಮಿಷ. ಐದೈದು ನಿಮಿಷದ ಭಾವಗೀತೆಯಾದರೆ ಹದಿನಾರೇ. 120 ಹಿಡಿಸಿದೆ ಎಂದ ಮೇಲೆ ನೀವು ಹಾಕಿರುವುದು ಎಂಪಿ3 ಫೈಲುಗಳು. ಆಗಿರುವುದು ಡೇಟಾ ಡಿಸ್ಕ್. ಲ್ಯಾಪ್‌ಟಾಪ್ ಫೈಲು ತೆರೆದು ಹಾಡಿಸುತ್ತದೆ. ಹಳೆಯ ಸೆಟ್ಟಿಗೆ ಫೈಲು, ಫೋಲ್ಡರುಗಳ ಗೊಡವೆಯೇ ಇಲ್ಲ. ಡಿಸ್ಕಿನ ಒಳಸುತ್ತಿನಲ್ಲಿರುವ ಟ್ರ್ಯಾಕ್ ಪಟ್ಟಿ ಓದಿ, ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ ದನಿಯನ್ನು ಎತ್ತಿಕೊಡುವುದಷ್ಟೇ ಅದಕ್ಕೆ ಬರುವ ವಿದ್ಯೆ.

ಸೆಟ್ಟಿನ ಮುಖವನ್ನೊಮ್ಮೆ ನೋಡಿ. ಎಲ್ಲಾದರೂ ಎಂಪಿ3 ಎಂದು ಬರೆದಿದೆಯೇ? ಇಲ್ಲದಿದ್ದರೆ ಚರ್ಚೆಯೇ ಬೇಡ. ರೈಟ್ ಮಾಡುವ ಸಾಫ್ಟ್‌ವೇರಿನಲ್ಲಿ ‘ಡೇಟಾ ಸಿ.ಡಿ.’ ಬಿಟ್ಟು ‘ಆಡಿಯೋ ಸಿ.ಡಿ.’ ಆರಿಸಿ, ಹದಿನಾರು ಹಾಡು ಹಾಕಿ. ಎಂಪಿ3ಯನ್ನು ಬಿಡಿಸಿ ಆಡಿಯೋ ಟ್ರ್ಯಾಕ್ ಮಾಡುವ ಕೆಲಸವನ್ನು ಅದೇ ನೋಡಿಕೊಳ್ಳುತ್ತದೆ. ಸಂಜೆ ಹೊತ್ತು ವರ್ತೂರು ಕೋಡಿ ದಾಟಿ ಮಾರತ್ತಹಳ್ಳಿ ಮುಟ್ಟಲು 80 ನಿಮಿಷ ಸಾಲದೆಯೂ ಹೋಗಬಹುದು. ಎರಡು ಡಿಸ್ಕ್ ಮಾಡಿಟ್ಟುಕೊಳ್ಳಿ.

ಎಂಪಿ3 ಎಂದು ಬರೆದಿದ್ದೂ ಹಾಡುತ್ತಿಲ್ಲವಾದರೆ ಅನುಮಾನ ವಿಂಡೋಸ್ ಮೇಲೆ. ಖಾಲಿ ಡಿಸ್ಕ್ ಹಾಕಿದೊಡನೆ ಅದು ಒಂದು ಪ್ರಶ್ನೆ ಕೇಳುತ್ತದೆ: ಈ ಡಿಸ್ಕನ್ನು ಪೆನ್‌ಡ್ರೈವಿನಂತೆ ಬಳಸುತ್ತೀರೋ, ಸಿ.ಡಿ. ಪ್ಲೇಯರಿನಲ್ಲಿ ಬಳಸುತ್ತೀರೋ? ಓದದೆಯೇ ‘ನೆಕ್ಸ್ಟ್’ ಒತ್ತುವವರೇ ಹೆಚ್ಚು. ಪೆನ್‌ಡ್ರೈವಿನಂತೆ ಎಂದರೆ ಡಿಸ್ಕ್ ಯು.ಡಿ.ಎಫ್. ಎಂಬ ಕ್ರಮದಲ್ಲಿ ಸಿದ್ಧವಾಗುತ್ತದೆ; ಆ ಕಾಲದ ಕಾರ್ ಸೆಟ್ಟುಗಳಿಗೆ ಅರ್ಥವಾಗುತ್ತಿದ್ದುದು ಐ.ಎಸ್.ಓ. 9660. ಹಾಗಾಗಿ ಎರಡನೆಯದನ್ನೇ ಆರಿಸಿ, ಕೊನೆಗೆ ಡಿಸ್ಕನ್ನು ‘ಫೈನಲೈಸ್’ ಮಾಡಿ. ಫೈನಲೈಸ್ ಆಗದಿದ್ದರೆ ಪೂರ್ತಿ ಟ್ರ್ಯಾಕ್ ಪಟ್ಟಿ ಬರೆದಿರುವುದಿಲ್ಲ, ಆಗ ಆಡಿಯೋ ಸಿ.ಡಿ.ಯೂ ಹಾಡುವುದಿಲ್ಲ. ಫೈಲಿನ ಹೆಸರು ಕನ್ನಡ ಲಿಪಿಯಲ್ಲಿದ್ದರೆ ಪರದೆಯ ಮೇಲೆ ಚೌಕ, ಗೆರೆಗಳು ಕಂಡಾವು. ಸಿಟ್ಟು ಬಂದರೂ ಇಂಗ್ಲಿಷ್ ಅಕ್ಷರದ ಚಿಕ್ಕ ಹೆಸರು ಕೊಡುವುದೇ ಕ್ಷೇಮ.

ಇನ್ನು ಡಿಸ್ಕಿನ ಜಾತಿ. ಅಂಗಡಿಯ ಸಿ.ಡಿ.ಯಲ್ಲಿ ಅಚ್ಚೊತ್ತಿದ ಕುಳಿಗಳಿರುತ್ತವೆ, ಮೇಲೆ ಅಲ್ಯೂಮಿನಿಯಂ ಲೇಪ. ಬಿದ್ದ ಲೇಸರ್ ಬೆಳಕಿನಲ್ಲಿ ಶೇ. 70ರಷ್ಟಾದರೂ ಅದರಿಂದ ಮರಳುತ್ತದೆ. ಮನೆಯಲ್ಲಿ ಬರೆಯುವ ಸಿ.ಡಿ.-ಆರ್‌ನಲ್ಲಿ ಕುಳಿಯಿಲ್ಲ, ಬಣ್ಣದ ಪದರವನ್ನು ಲೇಸರಿನಿಂದ ಸುಟ್ಟು ಮಾಡಿದ ಗುರುತುಗಳಷ್ಟೇ. ಆದರೂ ಬೆಳಕು ಮರಳಿಸುವುದರಲ್ಲಿ ಅದು ಹೆಚ್ಚು ಹಿಂದಿಲ್ಲ. ಅಳಿಸಿ ಬರೆಯಬಹುದಾದ ಸಿ.ಡಿ.-ಆರ್‌ಡಬ್ಲ್ಯೂ ಹಾಗಲ್ಲ, ಅದರಿಂದ ಮರಳುವುದು ಶೇ. 15ರಿಂದ 25 ಮಾತ್ರ. ಅಷ್ಟು ಮಂಕು ಬೆಳಕನ್ನು ಹಳೆಯ ಸೆಟ್ಟಿನ ಕಣ್ಣು ಹಿಡಿಯಲಾರದು. ಕಂಪ್ಯೂಟರಿನ ಡ್ರೈವು ಅದನ್ನು ವರ್ಧಿಸಿಕೊಂಡು ಓದುತ್ತದೆ. ಆರ್‌ಡಬ್ಲ್ಯೂ ತೆಗೆದುಕೊಳ್ಳಲೇಬೇಡಿ. 90, 99 ನಿಮಿಷದವೂ ಬೇಡ; ಅವುಗಳಲ್ಲಿ ಸುರುಳಿಯ ಸುತ್ತುಗಳನ್ನು ಒತ್ತೊತ್ತಾಗಿ ಇಟ್ಟಿರುತ್ತಾರೆ, ಹಳೆಯ ಲೇಸರು ಹಾದಿ ತಪ್ಪುತ್ತದೆ. ಡಿ.ವಿ.ಡಿ.ಯ ಮಾತೇ ಇಲ್ಲ.

ರೈಟ್ ಮಾಡುವ ವೇಗ 52ರಲ್ಲಿದ್ದರೆ 16ಕ್ಕೆ ಇಳಿಸಿ. ಡಿಸ್ಕಿನ ಮೇಲೆ ಕಾಗದದ ಸ್ಟಿಕ್ಕರ್ ಅಂಟಿಸಬೇಡಿ: ಸುತ್ತುವಾಗ ಸಮತೋಲ ತಪ್ಪುತ್ತದೆ, ಬಿಸಿಲಿಗೆ ಅಂಟು ಬಿಟ್ಟು ಸೆಟ್ಟಿನೊಳಗೆ ಸಿಕ್ಕಿಕೊಂಡರೆ ಬಿಚ್ಚಿಸುವ ಖರ್ಚು ಬೇರೆ. ಹೆಸರು ಬರೆಯಬೇಕೆಂದರೆ ಮೆತ್ತನೆಯ ಮಾರ್ಕರ್ ಸಾಕು. ಏಪ್ರಿಲ್ ಬಿಸಿಲಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟ ಸಿ.ಡಿ.-ಆರ್‌ನ ಬಣ್ಣದ ಪದರವೂ ಬೇಗ ಕೆಡುತ್ತದೆ.

ಇಷ್ಟು ಮಾಡಿದ ಆಡಿಯೋ ಡಿಸ್ಕನ್ನೂ ತಳ್ಳಿದರೆ, ಇನ್ನೊಂದು ಬ್ರ್ಯಾಂಡಿನ ಸಿ.ಡಿ.-ಆರ್‌ನಲ್ಲಿ ಒಮ್ಮೆ ನೋಡಿ. ಬಣ್ಣದ ಪದರ ಎಲ್ಲದರಲ್ಲೂ ಒಂದೇ ಅಲ್ಲ. ಆಗಲೂ ಹಾಡದಿದ್ದರೆ ಲೆನ್ಸಿಗೆ ದೂಳು ಕೂತಿರಬಹುದು, ಇಲ್ಲವೇ ಲೇಸರು ಸೋತಿರಬಹುದು. ಸೋತ ಲೇಸರು ಅಂಗಡಿಯ ಸಿ.ಡಿ.ಯನ್ನು ಇನ್ನೂ ಕೆಲವು ಕಾಲ ಓದುತ್ತಲೇ ಇರುತ್ತದೆ. ಜೆ.ಸಿ. ರಸ್ತೆಯ ಕಾರ್ ಸೆಟ್ ಅಂಗಡಿಯಲ್ಲಿ ಒಮ್ಮೆ ಲೆನ್ಸ್ ಒರೆಸಿ ನೋಡಿಸಿ. ಲೇಸರನ್ನೇ ಬದಲಿಸಬೇಕು ಎಂದರೆ ಆ ದುಡ್ಡು ಹಾಕಬೇಡಿ, ಅದೇ ಜಾಗದಲ್ಲಿ ಕೂರುವ ಯು.ಎಸ್.ಬಿ. ಸೆಟ್ ಕೇಳಿ.